ಷರಾ ಇಲ್ಲದ ಪಟ್ಟಿ

ನ್ಯೂಯಾರ್ಕಿನ ಮಗಳ ಮನೆಯಲ್ಲಿ ಆರು ತಿಂಗಳಿದ್ದು ಮರಳಿದ ರಾಯರು ಈ ಸಲ ಚಾಕೊಲೇಟಿನ ಬದಲು ಹನ್ನೊಂದು ಪುಟಗಳ ಪಟ್ಟಿಯೊಂದನ್ನು ತಂದಿದ್ದರು. ಮೊಮ್ಮಗ ಓದುತ್ತಿರುವ ಕೊಲಂಬಿಯಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವು 1870ರಿಂದ ಈಚೆಗೆ ಯಾವ ಸೀಸನ್ನಿನಲ್ಲಿ ಎಷ್ಟು ಗೆದ್ದಿತು, ಎಷ್ಟು ಸೋತಿತು ಎಂಬುದೆಲ್ಲ ಅದರಲ್ಲಿ ಸಾಲುಸಾಲಾಗಿ ಅಚ್ಚಾಗಿತ್ತು. (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಆ ಹೆಸರು ಏಕೆಂಬುದನ್ನು ಬೇರೊಂದು ದಿನ ವಿಚಾರಿಸೋಣ.) ನಡೆದ ಹೆಜ್ಜೆ, ಕುಡಿದ ನೀರು, ಮಲಗಿದ ಗಂಟೆಗಳನ್ನೆಲ್ಲ ಕೈಗಡಿಯಾರದಿಂದ ಲೆಕ್ಕ ಹಾಕಿಸುವ ರಾಯರಿಗೆ ಈಗ ಪರರ ಸೋಲನ್ನು ಎಣಿಸುವ ಉದ್ಯೋಗವೂ ದೊರೆತದ್ದನ್ನು ಕಂಡು ಮೇಷ್ಟ್ರಿಗೆ ಮೈ ಉರಿಯಿತು.

ಶಿರಸ್ತೇದಾರ್ ಸುಬ್ಬಣ್ಣನವರು ಮಾತ್ರ ಕನ್ನಡಕ ಏರಿಸಿ ಪುಟ ತಿರುವಿದರು. "ಎಲ್ಲವೂ ಕ್ರಮವಾಗಿದೆ ರಾಯರೇ, ಆದರೆ ಷರಾ ಕಾಲಂ ಎಲ್ಲಿ? ಷರಾ ಇಲ್ಲದ ರಿಜಿಸ್ಟರನ್ನು ನಮ್ಮ ತಾಲ್ಲೂಕು ಕಚೇರಿಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ."

"ಅಂಕಿಗಳೇ ಎಲ್ಲವನ್ನೂ ಹೇಳುವಾಗ ಷರಾ ಏತಕ್ಕೆ?" ಎಂದರು ರಾಯರು.

"ಹಾಗಾದರೆ 1906ರಿಂದ 1914ರವರೆಗೆ ಅಂಕಿಗಳು ಬಾಯಿ ಮುಚ್ಚಿಕೊಂಡಿರುವುದೇಕೆ?" ಎಂದು ಮೇಷ್ಟ್ರು ಕೇಳಿದರು.

"ಆಟದಲ್ಲಿ ಹುಡುಗರಿಗೆ ವಿಪರೀತ ಪೆಟ್ಟಾಗುತ್ತಿದೆಯೆಂದು 1905ರ ಸೀಸನ್ ಮುಗಿದ ಮೇಲೆ ತಂಡವನ್ನೇ ರದ್ದು ಮಾಡಿದ್ದರು. 1915ರಲ್ಲಿ ಮತ್ತೆ ಆರಂಭಿಸಿದರು."

"ಅಂದರೆ ಒಂಬತ್ತು ವರ್ಷ ಒಂದು ಪಂದ್ಯವನ್ನೂ ಸೋಲಲಿಲ್ಲ ಎಂದಾಯಿತು. ಬರೆಯಿರಿ, ಷರಾ: ಅತ್ಯುತ್ತಮ ಅವಧಿ. ಅಂಬೇಡ್ಕರ್ ಅವರು ಅಲ್ಲಿಗೆ ಓದಲು ಹೋದದ್ದು 1913ರಲ್ಲಿ. ಅವರು ಮೂರು ವರ್ಷಗಳಲ್ಲಿ ಅಷ್ಟೊಂದು ಓದಿದ್ದು ಹೇಗೆಂದು ನನಗೆ ಇಂದು ತಿಳಿಯಿತು. ಮೊದಲೆರಡು ವರ್ಷ ಗ್ಯಾಲರಿಯ ಗದ್ದಲವೇ ಇರಲಿಲ್ಲ."

ಮಳೆಯಿಂದ ಕೆಸರುಗದ್ದೆಯಾಗಿದ್ದ ಪಸಡೀನಾದ ಮೈದಾನದಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನು 7–0ರಿಂದ ಮಣಿಸಿ ಕೊಲಂಬಿಯಾ ರೋಸ್ ಬೌಲ್ ಎಂಬ ಹೆಸರಾಂತ ಹೊಸವರ್ಷದ ಪಂದ್ಯ ಗೆದ್ದದ್ದು 1934ರ ಜನವರಿ 1ರಂದು. ಪಟ್ಟಿ ಮಾತ್ರ ಅದನ್ನು 1933ರ ಸಾಲಿಗೆ ಸೇರಿಸಿತ್ತು. ಆರ್ಥಿಕ ವರ್ಷದ ನ್ಯಾಯದಂತೆ ಅದು ಸರಿಯೆಂದು ಸುಬ್ಬಣ್ಣನವರು ತೀರ್ಪಿತ್ತರು. ಅಮೆರಿಕದ ಎಂಟು ಹಳೆಯ ವಿಶ್ವವಿದ್ಯಾಲಯಗಳ ಕೂಟವಾದ ಐವಿ ಲೀಗಿನ ಪ್ರಶಸ್ತಿಯನ್ನು 1961ರಲ್ಲಿ ಹಾರ್ವರ್ಡ್ ಜೊತೆಗೂ, 63 ವರ್ಷ ಕಾದು 2024ರಲ್ಲಿ ಹಾರ್ವರ್ಡ್, ಡಾರ್ಟ್‌ಮತ್ ಎರಡರ ಜೊತೆಗೂ ಹಂಚಿಕೊಂಡದ್ದಕ್ಕೆ "ಜಂಟಿ ಖಾತೆ" ಎಂಬ ಷರಾ ಸಾಕೆಂದೂ ಅವರೇ ಹೇಳಿದರು.

"1983ರಿಂದ 1988ರವರೆಗೆ ಸತತ 44 ಸೋಲು!" ಎಂದು ರಾಯರು ಮೊಮ್ಮಗನ ಅಂಕಪಟ್ಟಿ ತೋರಿಸುವ ಹೆಮ್ಮೆಯಿಂದ ಬೆರಳಿಟ್ಟರು.

"ಅದರೊಳಗಿನ ಕತೆ ನಿಮ್ಮ ಪಟ್ಟಿಯಲ್ಲಿದೆಯೇ?" ಎಂದರು ಮೇಷ್ಟ್ರು. "1985ರ ಮೊದಲ ಪಂದ್ಯದಲ್ಲಿ ಹಾರ್ವರ್ಡ್ ಎದುರು 17–0ರಿಂದ ಮುಂದಿದ್ದು, ಕೊನೆಗೆ 49–17ರಿಂದ ಸೋತರು. ಹೊಸ ತರಬೇತುದಾರರು ತಮ್ಮ ಹುಡುಗರನ್ನೇ ಬಹಿರಂಗವಾಗಿ ಹಳಿದು, ಒಂದೇ ಸೀಸನ್ನಿಗೆ ಹೊರಟುಹೋದರು. ಅಲ್ಲೇ ಓದುತ್ತಿದ್ದ ಅವರ ಮಕ್ಕಳು ಪ್ರಿನ್ಸ್‌ಟನ್ ಸೇರಿದರು. 1988ರ ಅಕ್ಟೋಬರ್ 8ರಂದು ಕೊಲಂಬಿಯಾ 16–13ರಿಂದ ಗೆದ್ದು ಆ ಗ್ರಹಚಾರ ಕಳೆದುಕೊಂಡದ್ದು ಯಾರ ಮೇಲೆ ಗೊತ್ತೇ? ಅದೇ ಪ್ರಿನ್ಸ್‌ಟನ್ ಮೇಲೆ; ಚೆಂಡೆಸೆದು ದಾಳಿ ನಡೆಸುವ ಅದರ ಕ್ವಾರ್ಟರ್‌ಬ್ಯಾಕ್ ಅದೇ ತರಬೇತುದಾರರ ಮಗ. ನಿಮ್ಮ ಪಟ್ಟಿಯಲ್ಲಿ ಅದು ಬರಿಯ ಒಂದು ಗೆಲುವು."

ರಾಯರು ಉತ್ತರಿಸಲಿಲ್ಲ. ಪೆನ್ಸಿಲಿನಿಂದ ಪಟ್ಟಿಯ ಅಂಚಿನಲ್ಲಿ ಏನನ್ನೋ ಕೂಡಿಸುತ್ತಿದ್ದರು. "1984ರಲ್ಲಿ ಒಂಬತ್ತು, ಆಮೇಲೆ ಮೂರು ವರ್ಷ ಹತ್ತು ಹತ್ತು... ಮೂವತ್ತೊಂಬತ್ತು ಪಂದ್ಯ. ಮೇಷ್ಟ್ರೇ, 1984ರಲ್ಲಿ ಕಾಲೇಜು ಸೇರಿದ ಹುಡುಗ ನಾಲ್ಕು ವರ್ಷದಲ್ಲಿ ತನ್ನ ತಂಡ ಒಮ್ಮೆಯಾದರೂ ಗೆದ್ದದ್ದನ್ನು ನೋಡಲೇ ಇಲ್ಲವಲ್ಲ."

"1988ರ ಬೇಸಿಗೆಗೆ ಪದವಿ ಪಡೆದು ಪೆಟ್ಟಿಗೆ ಕಟ್ಟಿಕೊಂಡು ಹೋಗಿರುತ್ತಾನೆ. ಗೆಲುವು ಬಂದದ್ದು ಅಕ್ಟೋಬರಿನಲ್ಲಿ."

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಲೋಟಗಳಲ್ಲಿ ಕಾಫಿ ಕೆನೆಗಟ್ಟಿತು.

"ಈ ನಾಲ್ಕು ಸಾಲುಗಳಿಗೆ ಷರಾ ಏನೆಂದು ಬರೆಯಲಿ?" ಎಂದು ರಾಯರು ಮೆಲ್ಲನೆ ಕೇಳಿದರು.

"ಹಾಜರು ಎಂದು ಬರೆಯಿರಿ," ಎಂದರು ಮೇಷ್ಟ್ರು.

"ಪೆನ್ಸಿಲ್ ನಡೆಯುವುದಿಲ್ಲ," ಎಂದು ಸುಬ್ಬಣ್ಣನವರು ತಮ್ಮ ಪೆನ್ನನ್ನು ಮುಂದೆ ಚಾಚಿದರು. "ದಿನಾಂಕ ಹಾಕಿ ಚಿಕ್ಕ ಸಹಿ ಮಾಡಿ."

ಅಷ್ಟರಲ್ಲಿ ರಾಯರ ಕೈಗಡಿಯಾರವು ಕೂತದ್ದು ಸಾಕು, ಎದ್ದು ನಡೆಯಿರೆಂದು ಗುಂಯ್‌ಗುಟ್ಟಿತು. ರಾಯರು ಅಂಗಿಯ ತೋಳನ್ನು ಅದರ ಮೇಲೆಳೆದುಕೊಂಡು ಬರೆಯತೊಡಗಿದರು.