ಅಂಗೈಯಗಲದ ಫೋಮ್ ಡಾರ್ಟ್ ಗನ್: 13 ಟೈಲ್ಸ್ ದಾಟುತ್ತಿದ್ದದ್ದು ಈಗ 4ಕ್ಕೇ ಬೀಳುತ್ತಿದೆ

ಮೂರನೆಯ_ಮಹಡಿ

ಮಗನ ಹುಟ್ಟುಹಬ್ಬಕ್ಕೆ ಯಾರೋ ಕೊಟ್ಟ ಪುಟ್ಟ ಫೋಮ್ ಡಾರ್ಟ್ ಗನ್ ಇದು. ಒಂದೇ ನಳಿಗೆ, ಒಂದೇ ಡಾರ್ಟ್. ಹಿಂದಿನ ಉಂಗುರವನ್ನು ಎಳೆದರೆ ‘ಟಕ್’ ಎಂದು ಕಚ್ಚಿಕೊಳ್ಳುತ್ತದೆ. ಟ್ರಿಗರ್ ಒತ್ತಿದರೆ ಉಂಗುರದ ದಂಡ ಒಳಕ್ಕೆ ನುಗ್ಗಿ ಡಾರ್ಟ್ ಹಾರುತ್ತದೆ. ನಮ್ಮ ಕಾರಿಡಾರಿನಲ್ಲಿ 2 ಅಡಿಯ ಟೈಲ್ಸ್ ಇರುವುದರಿಂದ ಅಳೆಯುವುದು ಸುಲಭ. ಹೊಸದರಲ್ಲಿ 13 ಟೈಲ್ಸ್ ದಾಟುತ್ತಿತ್ತು, ಅಂದರೆ ಸುಮಾರು 8 ಮೀಟರ್. ಈಗ 4 ಟೈಲ್ಸ್ ದಾಟುವಷ್ಟರಲ್ಲಿ ತಲೆ ಬಾಗಿಸುತ್ತದೆ. ಬೆಳಗಿನ ಹೊತ್ತು ಇನ್ನೂ ಕಡೆ.

ಮತ್ತೊಂದು ವಿಚಿತ್ರ. ಡಾರ್ಟ್ ಇಲ್ಲದೆ ಒತ್ತಿದರೆ ಮೊದಲು ‘ಪುಸ್ಸ್’ ಎನ್ನುತ್ತಿತ್ತು, ಈಗ ‘ಠಪ್’ ಎಂದು ಬಡಿಯುತ್ತದೆ. ಹಳೆಯ ಡಾರ್ಟ್‌ಗಳದೇ ತಪ್ಪಿರಬೇಕೆಂದು ಹೊಸ ಪ್ಯಾಕೆಟ್ ತಂದೆ. ಅವಂತೂ ನಳಿಗೆಯೊಳಗೆ ಪೂರ್ತಿ ಇಳಿಯದೆ, ಟ್ರಿಗರ್ ಒತ್ತಿದರೆ ಕಾಲ ಬಳಿಯೇ ಬೀಳುತ್ತವೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಸರಿಹೋಗುತ್ತದೆಯೇ?

ಗುರಿಕಾರ_7

ಹಾಕಿ ಸರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಗಲದ ದಪ್ಪ ತಂತಿಯ ಸ್ಪ್ರಿಂಗ್ ಸಿಗುತ್ತದೆ. ನಾನು ಹಾಕಿದ್ದೇನೆ, ಬಾಣದಂತೆ ಹೋಗುತ್ತದೆ.

ಹಳೆಯ_ರಿಪೇರಿ

ದಯವಿಟ್ಟು ಸ್ಪ್ರಿಂಗ್ ಮುಟ್ಟಬೇಡಿ. ಗುರಿಕಾರರೇ, ನಿಮ್ಮದು ಎಷ್ಟು ದಿನ ಬಾಳುತ್ತದೆ ನೋಡೋಣ.

ಇಂಥ ಚಿಕ್ಕ ಗನ್ನಿನೊಳಗೆ ಇರುವುದು ಸಿರಿಂಜ್ ಅಷ್ಟೆ. ಸ್ಪ್ರಿಂಗ್ ಡಾರ್ಟನ್ನು ನೇರವಾಗಿ ತಳ್ಳುವುದಿಲ್ಲ. ಅದು ಪ್ಲಂಜರನ್ನು, ಅಂದರೆ ಉಂಗುರದ ದಂಡದ ಒಳತುದಿಯ ಬಿರಡೆಯನ್ನು, ದೂಡುತ್ತದೆ, ಪ್ಲಂಜರ್ ಗಾಳಿಯನ್ನು ದೂಡುತ್ತದೆ, ಗಾಳಿ ಡಾರ್ಟನ್ನು ದೂಡುತ್ತದೆ. ದೊಡ್ಡ ಗನ್ನಿನಲ್ಲಿ ಸಿಲಿಂಡರ್ ಉದ್ದವಿರುವುದರಿಂದ ಸ್ವಲ್ಪ ಗಾಳಿ ಸೋರಿದರೂ ಹೇಗೋ ಸರಿದೂಗುತ್ತದೆ. ಜೇಬಿನಲ್ಲಿ ಹಿಡಿಸುವ ಈ ಬಗೆಯದರಲ್ಲಿ ಗಾಳಿಯೇ ಒಂದು ಬೊಗಸೆಗೂ ಕಡಿಮೆ. ಅದರಲ್ಲಿ ಅರ್ಧ ಪಕ್ಕದಿಂದ ನುಸುಳಿದರೆ ನಿಮ್ಮ 13 ಟೈಲ್ಸ್ 4 ಆಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಸೋರುವ ಗಾಳಿ ಇನ್ನಷ್ಟು ರಭಸವಾಗಿ ಸೋರುತ್ತದೆ. ಪ್ಲಂಜರನ್ನು ಹಿಡಿದಿಡುವ ಪ್ಲಾಸ್ಟಿಕ್ ಕೊಕ್ಕೆ ಒಂದು ದಿನ ಮುರಿಯುತ್ತದೆ, ಅದಕ್ಕೂ ಮೊದಲೇ ನಿಮ್ಮ ಮಗ ಉಂಗುರ ಎಳೆಯಲಾಗದೆ ನಿಮ್ಮ ಕೈಗೆ ಕೊಡುತ್ತಾನೆ.

ಆ ‘ಪುಸ್ಸ್’ ವಿಚಾರ ಬರೆದದ್ದು ಬಹಳ ಒಳ್ಳೆಯದಾಯಿತು. ನಳಿಗೆಯ ಬುಡದಲ್ಲಿ ಸಣ್ಣ ಕಡ್ಡಿಯಂಥದ್ದು ಕಾಣುತ್ತದಲ್ಲ, ಅದು ಗಾಳಿತಡೆ. ಡಾರ್ಟ್ ಪೂರ್ತಿ ಒಳಗೆ ಕುಳಿತರೆ ಅದು ಹಿಂದಕ್ಕೆ ಸರಿದು ಗಾಳಿಗೆ ದಾರಿ ಬಿಡುತ್ತದೆ. ಡಾರ್ಟ್ ಇಲ್ಲದಿದ್ದರೆ ದಾರಿ ಮುಚ್ಚಿರುತ್ತದೆ, ಒಳಗೆ ಸಿಕ್ಕಿಬಿದ್ದ ಗಾಳಿ ಪ್ಲಂಜರಿಗೆ ಮೆತ್ತೆಯಾಗುತ್ತದೆ. ಆ ಮೆತ್ತೆ ಈಗಿಲ್ಲ ಎಂದರೆ ಒಂದೋ ಗಾಳಿತಡೆ ತೆರೆದೇ ಸಿಕ್ಕಿಕೊಂಡಿದೆ, ಇಲ್ಲವೇ ಪ್ಲಂಜರಿನ ರಬ್ಬರ್ ಬಳೆಯ ಪಕ್ಕದಿಂದ ಗಾಳಿ ಓಡುತ್ತಿದೆ. ತಡೆ ತೆರೆದಿದ್ದ ಮಾತ್ರಕ್ಕೆ ದೂರ ಕಡಿಮೆಯಾಗುವುದಿಲ್ಲ. ನಿಮಗೆ ‘ಠಪ್’ ಶಬ್ದ, ದೂರದ ಇಳಿಕೆ ಎರಡೂ ಆಗಿರುವುದರಿಂದ ನನ್ನ ಅನುಮಾನ ಬಳೆಯ ಮೇಲೆ.

ಪರೀಕ್ಷೆ ಸುಲಭ. ಹಳೆಯ ಡಾರ್ಟ್ ಹಾಕಿ, ಅದರ ತಲೆಯನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು ಟ್ರಿಗರ್ ಒತ್ತಿ. ಹಿಂದಿನ ದಂಡ ನಿಧಾನವಾಗಿ ಒಳಕ್ಕೆ ಹೋದರೆ ಬಳೆ ಸರಿಯಾಗಿದೆ. ದಡಕ್ಕನೆ ಹೋದರೆ ಸೋರಿಕೆ.

ಹೊಸ ಡಾರ್ಟ್‌ಗಳ ಕಥೆ ಬೇರೆ. ಅವು ದಪ್ಪವಿದ್ದು ಬುಡದವರೆಗೆ ಇಳಿಯುತ್ತಿಲ್ಲ, ಕಡ್ಡಿಯನ್ನು ಒತ್ತುತ್ತಿಲ್ಲ, ಗಾಳಿಯ ದಾರಿಯೇ ತೆರೆಯುತ್ತಿಲ್ಲ. 2012ರಲ್ಲಿ ಬಂದ, ನರ್ಫ್ ಎಂಬ ಆಟಿಕೆ ಬ್ರ್ಯಾಂಡಿನ ‘ಎಲೈಟ್’ ಡಾರ್ಟ್‌ನ ಅಳತೆ, ಅಂದರೆ ಸುಮಾರು 72 ಮಿ.ಮೀ. ಉದ್ದ, ಅರ್ಧ ಇಂಚು ದಪ್ಪ, ಈಗ ಹೆಚ್ಚುಕಡಿಮೆ ಎಲ್ಲರ ಅಳತೆ. ಆದರೆ ಅಗ್ಗದ ಪ್ಯಾಕೆಟ್‌ನಲ್ಲಿ ಒಂದು ಡಾರ್ಟ್ ಇದ್ದಂತೆ ಇನ್ನೊಂದು ಇರುವುದಿಲ್ಲ.

ಒಂದು ಪ್ರಶ್ನೆ: ಒಳಗೆ ಏನಾದರೂ ಎಣ್ಣೆ ಬಿಟ್ಟಿದ್ದೀರಾ? ಬೆಳಗಿನ ಹೊತ್ತು ಕಡೆ ಎಂದಿರಲ್ಲ, ಅದಕ್ಕೆ ಕೇಳಿದೆ.

ಮೂರನೆಯ_ಮಹಡಿ

ದಡಕ್ಕನೆ ಹೋಯಿತು ಸರ್.

ಎಣ್ಣೆಯ ಮಾತು ಕೇಳಿ ನಾಚಿಕೆಯಾಯಿತು. ದೀಪಾವಳಿಯ ರಜೆಯಲ್ಲಿ ಉಂಗುರ ಬಿಗಿಯಾಗಿದೆ ಎಂದು ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ನಮ್ಮ ತಂದೆ ಸೈಕಲ್ ಪಂಪಿನ ವಾಷರಿಗೆ ಅದನ್ನೇ ಹಚ್ಚುತ್ತಿದ್ದರು.

ಹಳೆಯ_ರಿಪೇರಿ

ನಿಮ್ಮ ತಂದೆಯವರು ಮಾಡಿದ್ದು ಸರಿಯಾಗಿಯೇ ಇತ್ತು. ಆ ವಾಷರ್ ತೊಗಲಿನದು. ಎಣ್ಣೆ ಕುಡಿದು ಮೆತ್ತಗಾಗಿ ಅಗಲವಾಗುತ್ತದೆ, ಪಂಪಿನ ಗೋಡೆಗೆ ಅಂಟಿ ನಿಲ್ಲುತ್ತದೆ. ಇಲ್ಲಿರುವುದು ಪ್ಲಾಸ್ಟಿಕ್ ಸಿಲಿಂಡರಿನೊಳಗೆ ರಬ್ಬರ್ ಬಳೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ, ಬಚ್ಚಲುಮನೆಯ ಬಾಟಲಿ ನೋಡಿದವರಿಗೆಲ್ಲ ಗೊತ್ತು. ಚಳಿಗಾಲದ ಬೆಳಿಗ್ಗೆ ನಿಮ್ಮ ಪ್ಲಂಜರ್ ಬೆಣ್ಣೆಯಲ್ಲಿ ಓಡುತ್ತಿದೆ. ಮಧ್ಯಾಹ್ನ ಕರಗುತ್ತದೆ, ಅಷ್ಟರಲ್ಲಿ ಮನೆಯ ಧೂಳನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ.

ಬಿಚ್ಚಿ ನೋಡಿ. ಮೊದಲು ಫೋಟೊ ತೆಗೆದುಕೊಳ್ಳಿ. ಮೇಲಿನ ಹೊದಿಕೆಯನ್ನು ಎತ್ತುವಾಗ ಸ್ಪ್ರಿಂಗ್ ಮೇಲೆ ಒಂದು ಬೆರಳಿರಲಿ, ಹಾರುತ್ತದೆ. ಬಳೆಯನ್ನೂ ಸಿಲಿಂಡರನ್ನೂ ಪಾತ್ರೆ ತೊಳೆಯುವ ಸೋಪು ಹಾಕಿ ಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬಳೆ ಸವೆದಿದ್ದರೆ ಅದನ್ನು ತೆಗೆದು, ಅದು ಕೂರುವ ತೋಡಿನಲ್ಲಿ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪನ್ನು ಎರಡು ಸುತ್ತು ಸುತ್ತಿ ಮತ್ತೆ ಹಾಕಿ. ಎರಡೇ ಸುತ್ತು, ಮೂರನೆಯದಕ್ಕೆ ಆಸೆಪಟ್ಟರೆ ಪ್ಲಂಜರ್ ಕಚ್ಚಿಕೊಳ್ಳುತ್ತದೆ. ಮೇಲೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ನೀರಿನ ಫಿಲ್ಟರ್ ರಿಪೇರಿ ಮಾಡುವವರ ಬಳಿ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಬೇಡವೇ ಬೇಡ.

ಅಪಾರ್ಟ್‌ಮೆಂಟ್_ಅಮ್ಮ

ರಿಪೇರಿ ನನಗೆ ತಿಳಿಯದು, ಆದರೆ ನಮ್ಮ ಬ್ಲಾಕಿನ ಬೇಸಿಗೆ ರಜೆಯ ‘ಯುದ್ಧ’ಗಳ ರೆಫರಿ ನಾನೇ. ಈ ಚಿಕ್ಕ ಗನ್ನುಗಳ ಪರವಾಗಿ ಒಂದು ಮಾತು. ದೊಡ್ಡ ಮ್ಯಾಗಜೀನಿನವು ಡಾರ್ಟ್ ಸಿಕ್ಕಿಕೊಂಡು ಅರ್ಧ ಆಟದಲ್ಲಿ ಮಲಗುತ್ತವೆ, ಬ್ಯಾಟರಿಯವು ಬ್ಯಾಟರಿ ಬೇಡುತ್ತವೆ. ಇದು ಮಾತ್ರ ಚಡ್ಡಿಯ ಜೇಬಿನಿಂದ ಹೊರಬಂದು ಕೆಲಸ ಮುಗಿಸುತ್ತದೆ. ಒಂದೇ ಡಾರ್ಟ್ ಎಂಬುದು ಕೊರತೆ ನಿಜ, ಆದರೆ ಆ ಕಾರಣಕ್ಕೇ ಮಕ್ಕಳು ಗುರಿಯಿಟ್ಟು ಹೊಡೆಯುತ್ತಾರೆ. ಸುಮ್ಮನೆ ಸುರಿಯುವುದಿಲ್ಲ, ನಾನು ಸೋಫಾದಡಿ ತಡಕಾಡುವುದೂ ತಪ್ಪುತ್ತದೆ.

ನನಗೆ ಸಿಟ್ಟು ಬರುವುದು ಎರಡಕ್ಕೆ. ಹೆಚ್ಚುವರಿ ಡಾರ್ಟ್ ಸಿಕ್ಕಿಸಲು ಮೈಮೇಲೆ ಎಲ್ಲಿಯೂ ಜಾಗವಿಲ್ಲ, ಮಕ್ಕಳು ಬಾಯಲ್ಲಿ ಕಚ್ಚಿಕೊಳ್ಳುತ್ತಾರೆ. ಇನ್ನೊಂದು, ಡಾರ್ಟನ್ನು ಮುಂದಿನಿಂದಲೇ ತುಂಬಬೇಕು. ಉಂಗುರ ಎಳೆದಿಟ್ಟು, ಆಮೇಲೆ ನಳಿಗೆಯನ್ನು ಮುಖದ ಕಡೆ ತಿರುಗಿಸಿ ತುಂಬುವ ಮಗು ಪ್ರತಿ ಸಲವೂ ಒಂದಾದರೂ ಇರುತ್ತದೆ. ನಮ್ಮಲ್ಲಿ ಮೊದಲು ಡಾರ್ಟ್, ಆಮೇಲೆ ಉಂಗುರ. ಕಣ್ಣಿಗೆ ಕನ್ನಡಕವಿಲ್ಲದವರಿಗೆ ಆಟವಿಲ್ಲ. ಡಾರ್ಟ್ ಕೊಳ್ಳುವಾಗ ತಲೆ ಹಿಸುಕಿ ನೋಡಿ, ಕಿತ್ತು ಬರುವಂಥದ್ದು ಚಿಕ್ಕ ಮಕ್ಕಳ ಗಂಟಲಿಗೆ ಅಪಾಯ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್ಐ ಗುರುತು ಕಡ್ಡಾಯ. ಪ್ಯಾಕೆಟ್ ಮೇಲೆ ಹುಡುಕಿ.

ಗುರಿಕಾರ_7

ನನ್ನದರ ಕೊಕ್ಕೆ ನಿನ್ನೆ ಮುರಿಯಿತು. ಹಳೆಯ ರಿಪೇರಿಯವರು ಏನೂ ಹೇಳಬಾರದು ಎಂದು ವಿನಂತಿ.

ಮೂರನೆಯ_ಮಹಡಿ

ಬಿಚ್ಚಿದೆ. ನಾಲ್ಕು ಸ್ಕ್ರೂ. ಬೆರಳಿಟ್ಟಿದ್ದರೂ ದೊಡ್ಡ ಸ್ಪ್ರಿಂಗ್ ಹಾರಿ ಫ್ರಿಜ್ಜಿನಡಿ ಹೋಯಿತು, ಮಗ ಅಡಿಕೋಲು ಹಾಕಿ ತೆಗೆದ. ಬಳೆಯ ಸುತ್ತ ಬೂದು ಬಣ್ಣದ ಮಡ್ಡಿ, ಅದರಲ್ಲಿ ಕಾರ್ಪೆಟ್ಟಿನ ನೂಲು, ಮನೆಯವಳ ಉದ್ದನೆಯ ಒಂದು ಕೂದಲು. ಒಂದು ಪಕ್ಕ ಬಳೆ ಚಪ್ಪಟೆಯಾಗಿತ್ತು. ತೊಳೆದು, ಟೇಪ್ ಎರಡು ಸುತ್ತು ಸುತ್ತಿ, ಗ್ರೀಸ್ ಸವರಿದೆ. ಹೆಬ್ಬೆರಳಿನ ಪರೀಕ್ಷೆಯಲ್ಲಿ ದಂಡ ಈಗ ಆಮೆಯಂತೆ ಒಳಗೆ ಹೋಗುತ್ತದೆ. ‘ಪುಸ್ಸ್’ ವಾಪಸ್ಸು ಬಂದಿದೆ. ಹಳೆಯ ಡಾರ್ಟ್‌ನಲ್ಲಿ 12 ಟೈಲ್ಸ್!

ಒಂದೇ ಒಂದು ಸಂಶಯ. ಮೇಜಿನ ಮೇಲೆ ಕಡಲೆಕಾಳಿಗಿಂತ ಸ್ವಲ್ಪ ಉದ್ದದ ಒಂದು ಸ್ಪ್ರಿಂಗ್ ಮಿಕ್ಕಿದೆ. ಗನ್ ಕೆಲಸ ಮಾಡುತ್ತಿದೆಯಲ್ಲ, ಬೇಕಾಗಿರಲಿಕ್ಕಿಲ್ಲ ಅಲ್ಲವೇ?

ಹಳೆಯ_ರಿಪೇರಿ

ಟ್ರಿಗರ್ ಒತ್ತಿ ಬಿಟ್ಟರೆ ತಾನಾಗಿ ಮುಂದಕ್ಕೆ ಬರುತ್ತದೆಯೇ, ಇಲ್ಲ ಜೋತಾಡುತ್ತದೆಯೇ? ಜೋತಾಡಿದರೆ ಅದು ಟ್ರಿಗರಿನ ಸ್ಪ್ರಿಂಗ್. ಈಗ ಕೊಕ್ಕೆ ಬರೀ ತನ್ನ ಭಾರಕ್ಕೆ ಕಚ್ಚಿಕೊಂಡಿದೆ. ಉಂಗುರ ಎಳೆದು, ಗೋಡೆಯ ಕಡೆ ತಿರುಗಿಸಿ, ಗನ್ನನ್ನು ತಲೆಕೆಳಗಾಗಿ ಹಿಡಿದು ನೋಡಿ.

ಮೂರನೆಯ_ಮಹಡಿ

ಹಿಡಿದೆ. ಟ್ರಿಗರ್ ಮುಟ್ಟಲೇ ಇಲ್ಲ, ಗೋಡೆಯ ಕ್ಯಾಲೆಂಡರಿಗೆ ಹೊಡೆಯಿತು. ಮಗ ಆಗಲೇ ಸ್ಕ್ರೂಡ್ರೈವರ್ ತಂದು ನಿಂತಿದ್ದಾನೆ.