ಉಗುರುಬೆಚ್ಚಗೆ ಉಂಟು, ತಣ್ಣನೆಯ ಬದಿಗೆ ಅದರ ಜೋಡಿ ಯಾವುದು?

ಬಲ್ಲವರಿಗೆಲ್ಲ ನಮಸ್ಕಾರ.

ರಾಯಚೂರಿನಲ್ಲಿ ತಾರಸಿಯ ಮೇಲೆ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ನಾಲ್ಕು ಮನೆಯವರು ಸೇರಿ ಒಂದು ಪುಟದ ಸೂಚನಾಪತ್ರ ಮಾಡುತ್ತಿದ್ದೇವೆ. ಅದನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಉಳಿದದ್ದೆಲ್ಲ ಅರ್ಧ ದಿನದಲ್ಲಿ ಮುಗಿಯಿತು, ಒಂದು ವಾಕ್ಯ ಮಾತ್ರ ಮೂರು ವಾರಗಳಿಂದ ಮುಂದೆ ಸರಿಯದೆ ಕೂತಿದೆ. ಬೇರು ಇಳಿಬಿಟ್ಟಿರುವ ನೀರು 18ರಿಂದ 22 ಡಿಗ್ರಿಯೊಳಗೆ ಇರಬೇಕು, ಬೇಸಿಗೆಯಲ್ಲೂ ಅದನ್ನು ಹಾಗೆಯೇ ಕಾಯ್ದುಕೊಳ್ಳಬೇಕು. ಹೇಳಬೇಕಾದದ್ದು ಇಷ್ಟೇ.

ಮೊದಲ ಕರಡಿನಲ್ಲಿ 'ತೊಟ್ಟಿಗೆ ತಣ್ಣೀರು ತುಂಬಿ, ತಣ್ಣಗಿರಿಸಿ' ಎಂದು ಬರೆದೆ. ಇಬ್ಬರು ಓದಿ ಇಬ್ಬರೂ ಗಿಡ ಕೆಡಿಸಿಕೊಂಡರು. ಎದುರುಮನೆಯ ಅಕ್ಕ ಮಧ್ಯಾಹ್ನ ಎರಡು ಗಂಟೆಗೆ ತಾರಸಿಯ ಕಪ್ಪು ಟ್ಯಾಂಕಿನ ನಲ್ಲಿ ತಿರುಗಿಸಿ ತುಂಬಿದ್ದರು. ಆ ನೀರಿಗೆ ಬೆರಳಿಟ್ಟರೆ ಚುರ್ ಎನ್ನುತ್ತಿತ್ತು. ಕೇಳಿದರೆ, 'ನಾನೇನು ಕಾಯಿಸಿದೆನೇ? ತಣ್ಣೀರೇ ಅಲ್ಲವೇ ಅದು?' ಎಂದರು. ಕೆಳಮನೆಯ ನಿವೃತ್ತ ಮೇಷ್ಟ್ರು ಫ್ರಿಜ್ಜಿನಿಂದ ಬಾಟಲಿಗಳನ್ನು ತಂದು ಸುರಿದರು. ಅವರ ಲೆಟ್ಯೂಸ್ ಸಂಜೆಯೊಳಗೆ ತಲೆ ಬಾಗಿಸಿತು. ಬೇರು ಒಮ್ಮೆಲೇ ತೀರ ತಣ್ಣಗಾದರೆ ನೀರೆಳೆಯುವುದು ಕುಗ್ಗುತ್ತದೆ, ಗಿಡ ನೀರಿನಲ್ಲೇ ನಿಂತು ಬಾಡುತ್ತದೆ.

ಯೋಚಿಸಿದಾಗ ಅಕ್ಕನವರ ಕನ್ನಡವೇ ಸರಿ ಎನಿಸಿತು. ತಣ್ಣೀರು ಎಂದರೆ ಒಲೆ ಕಾಣದ ನೀರು, ಅಷ್ಟೇ. ತಣ್ಣೀರು, ಬಿಸಿನೀರುಗಳ ನಡುವಿನ ಗೆರೆ ಎಳೆದದ್ದು ಬೆಂಕಿ, ಥರ್ಮಾಮೀಟರ್ ಅಲ್ಲ. ಅದಕ್ಕೇ ನಮ್ಮೂರಿನಲ್ಲಿ ಮೇ ತಿಂಗಳಲ್ಲಿ 'ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆ' ಎಂದು ಯಾರಿಗೂ ನಗು ಬಾರದಂತೆ ಹೇಳಬಹುದು. ತಮಿಳಿನವರ ತಣ್ಣೀರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬರಿಯ ನೀರು ಎಂಬ ಅರ್ಥಕ್ಕೇ ನಿಂತಿದೆ. ನಮ್ಮ ತಂಗಳೂ ಹೀಗೆಯೇ. ತಣ್ಣನೆಯ ಕೂಳು ಎಂಬುದರಿಂದ ಬಂದ ಮಾತಾದರೂ ಅದು ನಿನ್ನೆ ಒಲೆಯಿಂದ ಇಳಿದ ಅನ್ನವೇ ಹೊರತು ತಣ್ಣಗೆ ಕೊರೆಯುವ ಅನ್ನವಲ್ಲ. (ಫ್ರಿಜ್ಜಿಗೆ ತಂಗಳುಪೆಟ್ಟಿಗೆ ಎಂದು ಹಾಸ್ಯಕ್ಕೆ ಕರೆದವರು ಇದನ್ನು ಬಲ್ಲವರೇ ಇರಬೇಕು.)

ಹಾಗಾದರೆ 'ಆರಿಸು' ಎನ್ನೋಣವೇ? 'ತೊಟ್ಟಿಯ ನೀರನ್ನು ಆರಿಸಿ' ಎಂದರೆ ಯಾವ ನೀರನ್ನು ಆಯ್ಕೆ ಮಾಡಲಿ ಎಂದು ಕೇಳುವವರಿದ್ದಾರೆ. ಅದನ್ನು ಬಿಟ್ಟರೂ, ಆರುವುದು ಎಂದರೆ ಸುತ್ತಲಿನ ಗಾಳಿಯ ಮಟ್ಟಕ್ಕೆ ಇಳಿಯುವುದು. ಕಾಫಿ ಆರುತ್ತದೆ, ಕಾದಾರಿದ ನೀರನ್ನು ಮಗುವಿಗೆ ಕುಡಿಸುತ್ತಾರೆ. ಗಾಳಿಯೇ 41 ಡಿಗ್ರಿ ಇರುವ ಮಧ್ಯಾಹ್ನ ನೀರು ಎಲ್ಲಿಗೆಂದು ಆರಬೇಕು? ಆದರೆ ಈ ಕ್ರಿಯಾಪದವನ್ನು ಬಿಡಲು ಮನಸ್ಸಿಲ್ಲ. ಒದ್ದೆ ಬಟ್ಟೆಯೂ ಆರುತ್ತದೆ, ಬಿಸಿಯೂ ಆರುತ್ತದೆ. ತೊಟ್ಟಿಗೆ ಹಸಿ ಗೋಣಿ ಸುತ್ತಿ ಗಾಳಿಗಿಟ್ಟರೆ ಗೋಣಿ ಆರುತ್ತಾ ತೊಟ್ಟಿಯ ಬಿಸಿಯನ್ನೂ ಆರಿಸುತ್ತದೆ. ಆವಿಯಾಗುವ ನೀರು ಶಾಖವನ್ನು ಎಳೆದುಕೊಂಡು ಹೋಗುತ್ತದೆ ಎಂದು ಮೂರು ಸಾಲಿನಲ್ಲಿ ವಿವರಿಸಬೇಕಾದದ್ದು ಇಲ್ಲಿ ಒಂದೇ ಮಾತಿನಲ್ಲಿ ಬಂದಿದೆ.

'ತಂಪಾಗಿಡಿ' ಎಂದು ಬರೆದಾಗ ಇನ್ನೊಂದು ತೊಡಕು ಎದುರಾಯಿತು. ಎಳನೀರು, ಮಜ್ಜಿಗೆ, ಸೌತೆಕಾಯಿ ಬಿಸಿಲಲ್ಲಿ ಬಿದ್ದಿದ್ದರೂ ನಮಗೆ ತಂಪೇ. ಒಬ್ಬರು ನಿಜವಾಗಿಯೂ ತೊಟ್ಟಿಗೆ ಲಾವಂಚ ಹಾಕಬೇಕೇ ಎಂದು ಕೇಳಿದರು. 'ತಣಿಸು' ಚೆಂದದ ಮಾತು, ಆದರೆ ಅದಕ್ಕೆ ದಾಹ, ಕೋಪ, ಕಣ್ಣು ಇವುಗಳ ಒಡನಾಟವೇ ಹೆಚ್ಚು. 'ಶೀತಲೀಕರಿಸು' ಎಂದರೆ ಆಲೂಗೆಡ್ಡೆ ತುಂಬಿಡುವ ಗೋದಾಮು ನೆನಪಾಗುತ್ತದೆ. ತೊಟ್ಟಿ ಎಂಬ ಪದದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಯಂತ್ರಾನುವಾದ 'ಜಲಾಶಯ' ಎಂದು ಕೊಟ್ಟಿತ್ತು. ಮೂತ್ರಾಶಯ, ಗರ್ಭಾಶಯಗಳನ್ನು ನೋಡಿದರೆ ಆಶಯಕ್ಕೆ ಸಣ್ಣ ಗಾತ್ರ ಒಲ್ಲದ್ದೇನಲ್ಲ, ಆದರೆ ಈ ಭಾಗದಲ್ಲಿ ಜಲಾಶಯ ಎಂದರೆ ತುಂಗಭದ್ರೆ. 'ಜಲಾಶಯಕ್ಕೆ ನೆರಳು ಮಾಡಿ' ಎಂದು ಬರೆದು ಯಾರ ಮುಂದೆ ಹಿಡಿಯಲಿ?

ಇಷ್ಟು ನಿಖರತೆ ಯಾಕೆ ಎಂದು ಕೇಳಬಹುದು. 20 ಡಿಗ್ರಿಯ ಶುದ್ಧ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನೀರು ಬಿಸಿಯಾದಷ್ಟೂ ಬೇರಿಗೆ ಉಸಿರು ಹೆಚ್ಚು ಬೇಕು, ಸಿಗುವುದು ಕಡಿಮೆ. ಇಂಥ ನೀರು ಪಿಥಿಯಂ ಎಂಬ ಕೊಳೆರೋಗಾಣುವಿಗೆ ಹಬ್ಬ. ಬೇರು ಕಂದಾಗಿ, ಲೋಳೆಗಟ್ಟಿ, ನಾರತೊಡಗುತ್ತದೆ. ಮಂಜುಗಡ್ಡೆಯ ಬಾಟಲಿ ತೇಲಿಬಿಟ್ಟು ಗೆಲ್ಲುತ್ತೇನೆ ಎನ್ನುವವರು ಒಂದು ಲೆಕ್ಕ ನೋಡಿ. 40 ಲೀಟರಿನ ತೊಟ್ಟಿಯಲ್ಲಿ 1 ಕಿಲೋ ಮಂಜುಗಡ್ಡೆ ಪೂರ್ತಿ ಕರಗಿದರೂ ಇಳಿಯುವುದು 2ರಿಂದ 3 ಡಿಗ್ರಿ. ಮುಚ್ಚಳಕ್ಕೂ ಮೈಗೂ ಸುಣ್ಣದ ಬಿಳುಪು, ಮೇಲೆ ನೆರಳು, ಸುತ್ತ ಹಸಿ ಗೋಣಿ ಇದ್ದ ಮೇಲೆ ಬಾಟಲಿಯ ಮಾತು.

ಈಗ ನನ್ನ ಪ್ರಶ್ನೆ. ಬಿಸಿಯ ಬದಿಗೆ ನಮ್ಮಲ್ಲಿ 'ಉಗುರುಬೆಚ್ಚಗೆ' ಎಂಬ ಅಳತೆಯ ಪದವಿದೆ. ಡಿಗ್ರಿ ಹೇಳದೆಯೇ ಬಾಣಂತಿ ಮನೆಯಿಂದ ಅಡುಗೆಮನೆಯವರೆಗೆ ಎಲ್ಲರ ಕೈಗೂ ಒಂದೇ ಬಿಸಿ ತಿಳಿಯುತ್ತದೆ. ತಣ್ಣನೆಯ ಬದಿಗೆ ಅಂಥದ್ದೊಂದು ಇದೆಯೇ? ಕೊರೆಯುವಂತಿಲ್ಲ, ಬೆಚ್ಚಗೂ ಇಲ್ಲ ಎಂಬ ಮಟ್ಟಕ್ಕೆ?

ನನಗೆ ಹೊಳೆದದ್ದು 'ಹರವಿತಂಪು'. ಹರವಿ ಎಂದರೆ ನಮ್ಮ ಕಡೆಯ ದೊಡ್ಡ ನೀರಿನ ಮಡಕೆ. ಹೊರಗೆ 40 ಡಿಗ್ರಿ ಇದ್ದ ದಿನ ನಮ್ಮ ಹರವಿಗೆ ಥರ್ಮಾಮೀಟರ್ ಇಳಿಬಿಟ್ಟೆ, 25 ತೋರಿಸಿತು. 22 ಅಲ್ಲ, ಆದರೂ ಸೊಪ್ಪು ಬದುಕುವ ಮಟ್ಟ. ಓದುವವರು ತೊಟ್ಟಿಗೆ ಕೈಯಿಟ್ಟು 'ಹರವಿಯಷ್ಟಿದೆಯೇ' ಎಂದು ನೋಡಿಕೊಳ್ಳಬಹುದು. ಆದರೆ ಮಂಗಳೂರಿನಲ್ಲಿರುವ ನನ್ನ ತಂಗಿ ಒಪ್ಪಲಿಲ್ಲ. ಅಲ್ಲಿಯ ಗಾಳಿಯೇ ಹಸಿ, ಮಡಕೆಯ ಮೈ ಆರುವುದೇ ಕಡಿಮೆ. ಅವಳ ಮಡಕೆಯ ನೀರು 28ರಿಂದ ಕೆಳಗೆ ಇಳಿಯಲೊಲ್ಲದು. ಹಾಗಾದರೆ ಒಂದೇ ಪದ ರಾಯಚೂರಿನಲ್ಲಿ ಒಂದಳತೆ, ಕರಾವಳಿಯಲ್ಲಿ ಇನ್ನೊಂದಳತೆ ಆಗುತ್ತದೆ. ಅವಳು ಕೊಟ್ಟದ್ದು 'ಬಾವಿತಂಪು', ನಮ್ಮ ಓಣಿಯಲ್ಲಿ ಉಳಿದಿರುವುದು ಬೋರ್‌ವೆಲ್ ಮಾತ್ರ.

ಮಲೆನಾಡಿನವರು, ಕರಾವಳಿಯವರು, ಹಳೇ ಮೈಸೂರಿನವರು ನಿಮ್ಮ ಮನೆಯ ಹಿರಿಯರು ಕುಡಿಯುವ ನೀರಿನ ಹಿತವಾದ ತಣ್ಣನೆಗೆ ಏನೆನ್ನುತ್ತಿದ್ದರು ಎಂದು ತಿಳಿಸಿ. ಹಳಗನ್ನಡ ಬಲ್ಲವರು, ಕುಳಿರ್ ಎಂಬುದಕ್ಕೆ ನಡುಕ ಹುಟ್ಟಿಸುವ ಚಳಿಯ ಅರ್ಥ ಮಾತ್ರವೇ, ಇಲ್ಲವೇ ಈ ಹಿತದ ಅರ್ಥವೂ ಇದೆಯೇ ಎಂದು ಹೇಳಿದರೆ ಉಪಕಾರ. ಪುಟವನ್ನು ಅಚ್ಚಿಗೆ ಕೊಡುವುದನ್ನು ಇನ್ನೊಂದು ವಾರ ತಡೆದಿದ್ದೇನೆ.