ರೋಬೋ ತೋಳಿನ ಫಲಕಕ್ಕೆ ಪದ ಬೇಕು: ‘ಗ್ರಿಪ್ಪರ್’ ಇಕ್ಕಳವೇ, ಹಿಡಿಕೆಯೇ? (ತುರ್ತು)

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳ ತಂಡವೊಂದು ಜಿಲ್ಲಾ ಮಟ್ಟದ ಸ್ಪರ್ಧೆಗೆ ರೋಬೋ ತೋಳು ಕಟ್ಟುತ್ತಿದೆ. ಮೇಜಿನ ಮೇಲಿರುವ 150 ಗ್ರಾಂ ತೂಕದ ಮರದ ತುಂಡುಗಳನ್ನು ಎತ್ತಿ 20 ಸೆಂ.ಮೀ. ಎತ್ತರದ ಹಲಗೆಯ ಮೇಲೆ ಇಡಬೇಕು, ಮೂರು ನಿಮಿಷದಲ್ಲಿ ಎಷ್ಟಾದರೆ ಅಷ್ಟು. ಪಕ್ಕದಲ್ಲಿ ನಿಲ್ಲಿಸುವ ಫ್ಲೆಕ್ಸ್ ಫಲಕ ಪೂರ್ತಿ ಕನ್ನಡದಲ್ಲಿರಬೇಕು. ನೋಡಲು ಬರುವವರು ಹೆಚ್ಚಾಗಿ ಕನ್ನಡ ಮಾಧ್ಯಮದ ಮಕ್ಕಳು ಮತ್ತು ಅವರ ಅಪ್ಪ ಅಮ್ಮಂದಿರು.

ಬೇಕಾದ ಪದಗಳು: ಗ್ರಿಪ್ಪರ್ (ತುದಿಯಲ್ಲಿ ವಸ್ತುವನ್ನು ಹಿಡಿಯುವ ಭಾಗ), ಡಿಗ್ರೀಸ್ ಆಫ್ ಫ್ರೀಡಂ (ತೋಳು ಎಷ್ಟು ಬಗೆಯಲ್ಲಿ ಚಲಿಸಬಲ್ಲದು ಎಂಬ ಎಣಿಕೆ), ಟಾರ್ಕ್, ಸ್ಟಾಲ್ ಕರೆಂಟ್, ಬ್ಯಾಕ್‌ಲ್ಯಾಶ್. ‘ರೋಬೋ ತೋಳು’ ಎಂದೇ ಬಿಡಬಹುದೇ ಎಂಬುದನ್ನೂ ಹೇಳಿ. ಹತ್ತಿರ ಬರಬೇಡಿ ಎನ್ನುವ ಎಚ್ಚರಿಕೆಯ ಸಾಲೊಂದು ಬೇಕು. ನಾಳೆ ಸಂಜೆ ಐದಕ್ಕೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.

ಮರು:

‘ರೋಬೋ ತೋಳು’ ಬೇಡ. ‘ಯಂತ್ರತೋಳು’ ಅಂತೂ ಬೇಡವೇ ಬೇಡ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು. ‘ಯಂತ್ರಮಾನವನ ತೋಳು’ ಎಂದರೆ ಉಳಿದ ಮೈ ಎಲ್ಲಿ ಎಂದು ಮಕ್ಕಳು ಕೇಳುತ್ತಾರೆ. ‘ಕೀಲುಗೈ’ ಎನ್ನಿ. ಕೀಲುಗೊಂಬೆ, ಕೀಲುಕುದುರೆ ನಮ್ಮಲ್ಲಿ ಮೊದಲಿನಿಂದ ಇವೆ, ಮೂರನೆಯದು ಸೇರಿದರೆ ಯಾರಿಗೂ ಭಾರವಾಗದು.

ಗ್ರಿಪ್ಪರ್‌ಗೆ ‘ಹಿಡುಕ’. ಹಿಡಿ + ಉಕ. ಕನ್ನಡದ್ದೇ ಬೇರು, ಕನ್ನಡದ್ದೇ ಒಟ್ಟು. ಹೆಚ್ಚಿನ ಚರ್ಚೆ ಅನಗತ್ಯ.

ಮರು:

> ಗ್ರಿಪ್ಪರ್‌ಗೆ ‘ಹಿಡುಕ’.

ಸ್ವಾಮಿ, ‘ತಲೆಹಿಡುಕ’ ಎಂಬ ಪದ ಕಿವಿಗೆ ಬಿದ್ದಿಲ್ಲವೇ? ಶಾಲೆ ಮಕ್ಕಳ ಫಲಕದ ಮೇಲೆ ಅದರ ಅರ್ಧ ಹಾಕಿಸಿದರೆ ಉಳಿದರ್ಧವನ್ನು ಓದುವವರೇ ತುಂಬಿಕೊಳ್ಳುತ್ತಾರೆ. ಆ ಪ್ರತ್ಯಯ ಹತ್ತಿದ ಕಡೆಯೆಲ್ಲ ಬೈಗುಳದ ವಾಸನೆ ಇದೆ: ಕುಡುಕ, ತಿರುಕ.

‘ಕೀಲುಗೈ’ಯನ್ನು ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ. ಹತ್ತರಲ್ಲಿ ಎಂಟು ಜನಕ್ಕೆ ಕೇಳಿಸುವುದು ‘ಕೀಲಿಕೈ’. ಬೀಗ ಎಲ್ಲಿ ಎನ್ನುತ್ತಾರೆ.

ಮರು:

ವ್ಯಾಕರಣ ಆಮೇಲೆ ನೋಡೋಣ, ಮೊದಲು ವಸ್ತು ಏನೆಂದು ನೋಡಿ. ಸಾಮಾನ್ಯವಾಗಿ ಇಂಥ ತೋಳಿನಲ್ಲಿ ಆರು ಸರ್ವೋ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರು) ಇರುತ್ತವೆ. ಬುಡದಲ್ಲಿ ಒಂದು, ಹೆಗಲಲ್ಲಿ ಒಂದು, ಮೊಣಕೈಯಲ್ಲಿ ಒಂದು, ಮಣಿಕಟ್ಟಿನಲ್ಲಿ ಎರಡು (ಒಂದು ಬಾಗಿಸಲು, ಇನ್ನೊಂದು ಹೊರಳಿಸಲು), ತುದಿಯ ಗ್ರಿಪ್ಪರ್‌ಗೆ ಒಂದು. ಮೈಯ ಪದಗಳೆಲ್ಲ ಸಿದ್ಧವಾಗಿವೆ, ಹೊಸದಾಗಿ ಹುಟ್ಟಿಸಬೇಕಿಲ್ಲ. ಹೆಗಲಿಂದ ಮೊಣಕೈವರೆಗಿನ ಪಟ್ಟಿ ರಟ್ಟೆ, ಮೊಣಕೈಯಿಂದ ಮಣಿಕಟ್ಟಿನವರೆಗಿನದು ಮುಂಗೈ.

ಡಿಗ್ರೀಸ್ ಆಫ್ ಫ್ರೀಡಂಗೆ ‘ಸ್ವಾತಂತ್ರ್ಯದ ಡಿಗ್ರಿ’ ಎಂದು ದಯವಿಟ್ಟು ಬರೆಯಬೇಡಿ. ಸರ್ವೋ 180 ಡಿಗ್ರಿ ತಿರುಗುತ್ತದೆ ಎಂಬ ಸಾಲಿನ ಪಕ್ಕದಲ್ಲೇ ‘5 ಡಿಗ್ರಿ’ ಎಂದು ಕಂಡರೆ ತೋಳು ಐದೇ ಡಿಗ್ರಿ ಅಲ್ಲಾಡುತ್ತದೆ ಎಂದುಕೊಳ್ಳುತ್ತಾರೆ. ‘ಐದು ಕೀಲಿನ ತೋಳು’ ಎಂದರೆ ಮುಗಿಯಿತು. ಇಲ್ಲಿ ಒಂದು ಕೀಲು ಒಂದೇ ಬಗೆಯಲ್ಲಿ ತಿರುಗುವುದರಿಂದ ಲೆಕ್ಕವೂ ತಪ್ಪುವುದಿಲ್ಲ. ಆರು ಎಂದು ಮಾತ್ರ ಬರೆಯಬೇಡಿ. ಅಂಗಡಿಯ ಕಿಟ್ ಡಬ್ಬಿಗಳ ಮೇಲೆ ಸರ್ವೋ ಎಣಿಸಿ ಆರು ಎಂದು ಹಾಕಿರುತ್ತಾರೆ. ಗ್ರಿಪ್ಪರ್ ಬಾಯಿ ತೆರೆದು ಮುಚ್ಚುವುದು ಈ ಲೆಕ್ಕಕ್ಕೆ ಬರುವುದಿಲ್ಲ, ತೀರ್ಪುಗಾರರು ಮೊದಲು ಕೇಳುವುದೇ ಅದನ್ನು.

ಗ್ರಿಪ್ಪರ್‌ಗೆ ‘ಹಿಡಿಕೆ’ ಬೇಡ. ನಮ್ಮಲ್ಲಿ ಹಿಡಿಕೆ ಎಂದರೆ ನಾವು ಹಿಡಿದುಕೊಳ್ಳುವ ಜಾಗ, ಕುಡುಗೋಲಿನ ಹಿಡಿಕೆ, ಬಾಣಲೆಯ ಹಿಡಿಕೆ. ತೋಳಿನ ತುದಿಗೆ ಹಾಗೆಂದು ಚೀಟಿ ಅಂಟಿಸಿದರೆ ಯಾರಾದರೂ ಅಲ್ಲೇ ಹಿಡಿದು ಎತ್ತುತ್ತಾರೆ. ಪ್ಲಾಸ್ಟಿಕ್ ಹಲ್ಲಿನ ಎಸ್‌ಜಿ 90 ಸರ್ವೋ ಇದ್ದರೆ ಒಂದೇ ಎಳೆತಕ್ಕೆ ಹಲ್ಲು ಉದುರುತ್ತದೆ.

ಮರು:

ಇಕ್ಕಳ. ಬೇರೆ ಮಾತೇ ಇಲ್ಲ. ಕುಲುಮೆಯಲ್ಲಿ ಕಾದ ಕಬ್ಬಿಣ ಹಿಡಿಯುವುದೂ ಇಕ್ಕಳ, ಒಲೆಯಿಂದ ಬಿಸಿ ಪಾತ್ರೆ ಇಳಿಸುವುದೂ ಇಕ್ಕಳ.

ಇದು ‘ಇಕ್ಕು’ ಧಾತುವಿನಿಂದ ಬಂದದ್ದೆಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಅಲ್ಲ. ಅನ್ನ ಇಕ್ಕುವುದಕ್ಕೂ ಇಕ್ಕಳಕ್ಕೂ ಸಂಬಂಧವಿಲ್ಲ. ಇಡುಕು, ಇರುಕು, ಇಕ್ಕಟ್ಟು ಇವುಗಳ ಬಳಗ ಅದು, ಎರಡರ ನಡುವೆ ಒತ್ತಿ ಹಿಡಿಯುವುದು. ಹಳೆಯ ರೂಪ ‘ಇಕ್ಕುಳ’. ತಮಿಳಿನಲ್ಲಿ ಇಕ್ಕಳಕ್ಕೆ ‘ಇಡುಕ್ಕಿ’ ಎಂದೇ ಹೆಸರು. ಕೇರಳದ ಇಡುಕ್ಕಿಯ ಹೆಸರಿಗೂ ಇದೇ ಬೇರು, ಎರಡು ಬೆಟ್ಟಗಳ ನಡುವಿನ ಇಕ್ಕಟ್ಟು. ಕಮಾನಿನ ಅಣೆಕಟ್ಟು ನಿಂತಿರುವುದು ಆ ಸಂದಿಯಲ್ಲೇ. ಎರಡು ದವಡೆ, ನಡುವೆ ಮರದ ತುಂಡು: ಪದ ತಾನಾಗಿ ಬಂದು ಕೂತಿದೆ.

ಮರು:

ಇಕ್ಕಳಕ್ಕೆ ನಡುವೆ ಒಂದು ಆಣಿ ಇದ್ದು ಕತ್ತರಿಯ ಹಾಗೆ ಬಾಯಿ ತೆರೆಯುತ್ತದೆ. ಇವರದು ಸಮಾನಾಂತರ ದವಡೆಯ ಗ್ರಿಪ್ಪರ್ ಆಗಿದ್ದರೆ? ಎರಡು ಹಲ್ಲುಚಕ್ರ ಒಂದಕ್ಕೊಂದು ಕಚ್ಚಿಕೊಂಡು, ನಾಲ್ಕು ಪಟ್ಟಿಯ ಜೋಡಣೆ ದವಡೆಗಳನ್ನು ನೆಟ್ಟಗೇ ಇಡುತ್ತದೆ. ಗಾಳಿ ಹೀರಿ ಹಿಡಿಯುವ ಬಗೆಯದಕ್ಕೆ ದವಡೆಯೇ ಇಲ್ಲ. ಅದೂ ಇಕ್ಕಳವೇ?

ಮರು:

ಕೇಳಿದ್ದು ನಾಳೆಯ ಫಲಕಕ್ಕೆ. ಜಗತ್ತಿನ ಎಲ್ಲ ಗ್ರಿಪ್ಪರ್‌ಗಳಿಗೂ ಈ ಓಲೆಯಲ್ಲೇ ನಾಮಕರಣ ಆಗಬೇಕಿಲ್ಲ. ದವಡೆ ಇದ್ದರೆ ಇಕ್ಕಳ. ಮುಗಿಯಿತು.

ಉಳಿದ ಮೂರು ಪದಗಳಿಗೆ ಲೆಕ್ಕವನ್ನೇ ಮುಂದಿಟ್ಟು ಹೇಳುತ್ತೇನೆ. ರಟ್ಟೆ 12, ಮುಂಗೈ 10, ಮಣಿಕಟ್ಟಿನಿಂದ ಇಕ್ಕಳದ ತುದಿಗೆ 8, ಒಟ್ಟು 30 ಸೆಂ.ಮೀ. ಎಂದಿಟ್ಟುಕೊಳ್ಳಿ. ತೋಳು ಪೂರ್ತಿ ಅಡ್ಡಕ್ಕೆ ಚಾಚಿದಾಗ ಹೆಗಲಿನ ಸರ್ವೋ ಮೇಲೆ ಬೀಳುವ ಟಾರ್ಕ್ (ಭಾರ × ದೂರ): ಮರದ ತುಂಡಿನಿಂದ 0.15 × 30, ಅಂದರೆ 4.5 ಕೆಜಿ-ಸೆಂಮೀ. ಮೊಣಕೈ ಸರ್ವೋ 55 ಗ್ರಾಂ, 12 ಸೆಂ.ಮೀ. ದೂರಕ್ಕೆ 0.66. ಮಣಿಕಟ್ಟಿನದು 22ಕ್ಕೆ 1.21. ಇಕ್ಕಳ ಮತ್ತು ಅದಕ್ಕಂಟಿದ ಎರಡು ಸಣ್ಣ ಸರ್ವೋ ಸೇರಿ 90 ಗ್ರಾಂ ಹಿಡಿದರೆ, 26ಕ್ಕೆ 2.34. ಅಕ್ರಿಲಿಕ್ ಪಟ್ಟಿಗಳು ಸೇರಿ ಮುಕ್ಕಾಲು. ಒಟ್ಟು ಒಂಬತ್ತೂವರೆ ಹತ್ತಿರ. ಎಂಜಿ 996 ಆರ್ ಸರ್ವೋ 4.8 ವೋಲ್ಟ್‌ನಲ್ಲಿ ಕೊಡುವುದು ಹೆಚ್ಚೆಂದರೆ 9.4, ಆರು ವೋಲ್ಟ್‌ನಲ್ಲಿ 11. ಅದೂ ಸೋತು ನಿಲ್ಲುವ ಕ್ಷಣದ ಅಂಕಿ. ದುಡಿಸಬೇಕಾದದ್ದು ಅದರ ಅರ್ಧಕ್ಕೆ. ಹಾಗಾಗಿ ಹೆಗಲಿಗೆ 20 ಕೆಜಿ-ಸೆಂಮೀ ದರ್ಜೆಯದು ಬೇಕು, ಇಲ್ಲವೇ ರಬ್ಬರ್ ಬ್ಯಾಂಡೋ ಸ್ಪ್ರಿಂಗೋ ಕಟ್ಟಿ ತೋಳಿನ ಭಾರ ತಗ್ಗಿಸಬೇಕು.

ಈಗ ಪದ. ಟಾರ್ಕ್‌ಗೆ ‘ತಿರುಗುಬಲ’ ಎನ್ನುತ್ತಾರೆ, ಆದರೆ ಅದು ಬರೀ ಬಲವಲ್ಲ, ಬಲ ಗುಣಿಸು ದೂರ. ಮೇಲಿನ ಲೆಕ್ಕದ ಜೀವವೇ ಆ ದೂರದಲ್ಲಿದೆ, ಅದೇ 150 ಗ್ರಾಂ 15 ಸೆಂ.ಮೀ.ನಲ್ಲಿದ್ದರೆ ಅರ್ಧ ಸಾಕು. ‘ತಿರುಪು’ ಎಂದರೆ ಸ್ಕ್ರೂ ಆಗುತ್ತದೆ, ಕೊನೆಗೊಂದು ಎತ್ವ ಸೇರಿದರೆ ಭಿಕ್ಷೆ. ಟಾರ್ಕ್ ಎಂದೇ ಇಟ್ಟು, ಕೆಳಗೆ ಗುಣಾಕಾರವನ್ನು ಬರೆಸಿ.

ಸ್ಟಾಲ್ ಕರೆಂಟನ್ನು ಮಾತ್ರ ಹಾಗೇ ಬಿಡಬೇಡಿ. ಸ್ಪರ್ಧೆಯಲ್ಲಿ ಪ್ರತಿ ತಂಡಕ್ಕೂ ಒಂದು ಸ್ಟಾಲ್ ಇರುತ್ತದೆ. ‘ಸ್ಟಾಲ್ ಕರೆಂಟ್ 2.5 ಆಂಪಿಯರ್’ ಎಂದು ಓದಿದವರು ಮಳಿಗೆಗೆ ಕೊಟ್ಟ ವಿದ್ಯುತ್ ಎಂದುಕೊಳ್ಳುತ್ತಾರೆ. ಸರ್ವೋ ಭಾರ ಎತ್ತಲಾಗದೆ ನಿಂತಲ್ಲೇ ‘ಗುಂಯ್’ ಎನ್ನುತ್ತ ಬಿಸಿಯಾಗುವುದಕ್ಕೆ ಕನ್ನಡದಲ್ಲಿ ‘ತಿಣುಕುವುದು’ ಎನ್ನುತ್ತಾರೆ. ‘ತಿಣುಕುವಾಗ ಎಳೆಯುವ ಕರೆಂಟ್’ ಎನ್ನಿ, ಏಕೆ ತೋಳನ್ನು ನಡೆಸುವ ಆರ್ಡ್ವಿನೋ ಬೋರ್ಡು ಸತ್ತು ಸತ್ತು ಏಳುತ್ತದೆ ಎಂಬುದೂ ಅಲ್ಲೇ ತಿಳಿಯುತ್ತದೆ. ಎರಡು ಸರ್ವೋ ಒಟ್ಟಿಗೆ ತಿಣುಕಿದರೆ 5 ಆಂಪಿಯರ್, ಆರ್ಡ್ವಿನೋದ 5 ವೋಲ್ಟ್ ಪಿನ್ನಿಗೆ ಅದರ ಹತ್ತನೇ ಒಂದು ಭಾಗವೇ ಹೆಚ್ಚು. ಸರ್ವೋಗಳಿಗೆ ಬೇರೆ ಪವರ್ ಸಪ್ಲೈ, 6 ವೋಲ್ಟ್, 10 ಆಂಪಿಯರ್. ಎರಡರ ಗ್ರೌಂಡ್ ತಂತಿ ಮಾತ್ರ ಒಂದಾಗಿರಬೇಕು, ಇಲ್ಲದಿದ್ದರೆ ತೋಳಿಗೆ ಚಳಿಜ್ವರದ ನಡುಕ.

ಬ್ಯಾಕ್‌ಲ್ಯಾಶ್: ಹಲ್ಲುಚಕ್ರಗಳು ಕಚ್ಚುವಲ್ಲಿ ಉಳಿಯುವ ಸಂದಿ, ಗ್ಯಾರೇಜಿನವರು ‘ಪ್ಲೇ’ ಎನ್ನುತ್ತಾರೆ. ‘ಹಲ್ಲಿನ ಸಡಿಲ’ ಸಾಕು. ಹೆಗಲಲ್ಲಿ ಒಂದು ಡಿಗ್ರಿ ಸಡಿಲವಿದ್ದರೆ 30 ಸೆಂ.ಮೀ. ಆಚೆ ತುದಿ 5 ಮಿ.ಮೀ. ಅಲ್ಲಾಡುತ್ತದೆ. ತುಂಡಿನ ಬಳಿಗೆ ಯಾವಾಗಲೂ ಒಂದೇ ದಿಕ್ಕಿನಿಂದ ಬಂದರೆ ಅರ್ಧ ತೊಂದರೆ ಕಳೆಯಿತು.

ಮರು:

‘ಹಲ್ಲುಚಕ್ರ’ ಎಂದಿದ್ದಾರೆ ಒಬ್ಬರು. ಹಲ್ಲು ಕನ್ನಡ, ಚಕ್ರ ಸಂಸ್ಕೃತ. ಮತ್ತೆ ಅರಿಸಮಾಸ. ಇನ್ನೊಬ್ಬರು ಟಾರ್ಕ್, ಕರೆಂಟ್, ಪವರ್ ಸಪ್ಲೈ ಎಂದು ಸಾಲುಗಟ್ಟಿಸಿದ್ದಾರೆ. ಹೀಗೇ ಹೋದರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ. ‘ಕೀಲುಗೈ’ ಕಿವಿಗೆ ತೊಡಕಾದರೆ ‘ಕೀಲುದೋಳು’ ಎನ್ನಿ.

ಮರು:

‘ದೋಳು’ ಎಂದರೆ ಬಾರಿಸುವ ಡೋಲು ಎಂದುಕೊಳ್ಳುತ್ತಾರೆ. ಉತ್ತರಪದದ ಆದಿಯ ಕತಪಗಳು ಗದಬ ಆಗಲೇಬೇಕೆಂದಿದ್ದರೆ ‘ಮೊಣಕೈ’ ಏಕೆ ಮೊಣಕೈಯಾಗಿಯೇ ಉಳಿಯಿತು?

ಇನ್ನು ಅರಿಸಮಾಸ. ಕೇಶಿರಾಜ 13ನೇ ಶತಮಾನದಲ್ಲಿ ಕಾವ್ಯದ ಕನ್ನಡಕ್ಕೆ ಹೇಳಿದ್ದು ಅದು, ಆಗಲೇ ಬಿರುದಾವಳಿಗೂ ಹಿಂದಿನ ಕವಿಗಳ ಬಳಕೆಗೂ ವಿನಾಯಿತಿ ಕೊಟ್ಟಿದ್ದ. ‘ಮಳೆಗಾಲ’ದಲ್ಲಿ ಕಾಲ ಯಾವ ನುಡಿಯದು? ಸೂತ್ರವನ್ನೇ ಹಿಡಿಯುವುದಾದರೆ ತದ್ಭವಕ್ಕೆ ಅಡ್ಡಿಯಿಲ್ಲ. ಯಂತ್ರದ ತದ್ಭವ ಜಂತ್ರ. ‘ಜಂತ್ರದೋಳು’ ನಿರ್ದುಷ್ಟ. ಫಲಕದಲ್ಲಿ ಹಾಕಿಸಿ, ತಾಯತ ಕಟ್ಟಿಸಲು ಜನ ಸಾಲು ನಿಲ್ಲುತ್ತಾರೆ.

ನಿಮ್ಮ ‘ಕೀಲು’ ಕೂಡ ಸಂಸ್ಕೃತದ ‘ಕೀಲ’ವೇ, ಗೂಟ ಎಂಬ ಅರ್ಥದ್ದು.

ಮರು:

ಕೀಲು ಅಚ್ಚಗನ್ನಡ. ಕೀಲವೇ ಇಲ್ಲಿಂದ ಅಲ್ಲಿಗೆ ಹೋದದ್ದು. ವಾದ ಬೇಡ.

ಮರು:

ವಾದ ಬೇಡ ಎಂದು ಹೇಳುವವರೇ ಇಲ್ಲಿ ಪ್ರತಿ ಸಲ ಕೊನೆಯ ಮಾತು ಆಡುವುದು. ಮೇಸ್ತ್ರಿ, ಚಾವಿ, ಇಸ್ತ್ರಿ ಮೂರೂ ಪೋರ್ಚುಗೀಸರಿಂದ ಬಂದವು, ಇಂದು ಯಾರೂ ಪಾಸ್‌ಪೋರ್ಟ್ ಕೇಳುವುದಿಲ್ಲ. ನಟ್ಟು, ಬೋಲ್ಟು, ಬೇರಿಂಗು ಎಂದು ಉಕಾರ ಹಚ್ಚಿ ಗ್ಯಾರೇಜಿನವರು ಎಂದೋ ಒಳಗೆ ಕರೆದುಕೊಂಡಿದ್ದಾರೆ. (‘ಗೇರು’ ಒಂದರಲ್ಲಿ ಜೋಪಾನ, ಕರಾವಳಿಯವರು ಬೀಜ ಹುಡುಕಿಯಾರು.) ರೋಬೋ ಎಂಬುದೂ ಇಂಗ್ಲಿಷಿನ ಸ್ವಂತದ್ದಲ್ಲ, ಚೆಕ್ ನುಡಿಯ ‘ರೊಬೊತ’ದಿಂದ ಬಂದದ್ದು, ಬಿಟ್ಟಿ ಚಾಕರಿ ಎಂದರ್ಥ. ಅವರು ಸಾಲ ತಂದರೆ ಬೆಳವಣಿಗೆ, ನಾವು ತಂದರೆ ಮೈಲಿಗೆಯೇ?

ಮರು:

ಹಾಗಾದರೆ ‘ಬಿಟ್ಟಿತೋಳು’ ಎನ್ನಿ. ಎರಡೂ ಪದ ಕನ್ನಡದಂತೆ ಕಾಣುತ್ತವೆ, ಎಲ್ಲರಿಗೂ ಸಮಾಧಾನ.

ಮರು:

ಎಲ್ಲರಿಗೂ ಧನ್ಯವಾದ. ಫಲಕಕ್ಕೆ ಹೋಗುವುದು ಇಷ್ಟು:

ಐದು ಕೀಲಿನ ರೋಬೋ ತೋಳು
ಬುಡ, ಹೆಗಲು, ಮೊಣಕೈ, ಮಣಿಕಟ್ಟು (ಬಾಗುವುದು, ಹೊರಳುವುದು)
ತುದಿಯಲ್ಲಿ ಇಕ್ಕಳ: 150 ಗ್ರಾಂ ತುಂಡನ್ನು ಹಿಡಿದೆತ್ತುತ್ತದೆ
ಟಾರ್ಕ್ = ಭಾರ × ಹೆಗಲಿನಿಂದ ಇರುವ ದೂರ
ತಿಣುಕುವಾಗ ಒಂದು ಸರ್ವೋ ಎಳೆಯುವ ಕರೆಂಟ್: 2.5 ಆಂಪಿಯರ್
ಎಚ್ಚರಿಕೆ: ತೋಳಿನ ಎಟುಕಿನೊಳಗೆ ಕೈ ಹಾಕಬೇಡಿ

ಕೊನೆಯ ಸಾಲಿನ ಬಗ್ಗೆ ಅನುಮಾನವಿದೆ. ‘ಎಟುಕು’ ನಾಮಪದವಾಗಿ ನಿಲ್ಲುತ್ತದೆಯೇ?

ಮರು:

ನಿಲ್ಲುತ್ತದೆ, ಆದರೆ ಓಡಾಡುವ ಮಗುವಿಗೆ ತಟ್ಟುವುದಿಲ್ಲ. ಕಾರಣವನ್ನೂ ಹೇಳಿ. ಇಂಥ ಸರ್ವೋಗೆ ತಾನು ಎಲ್ಲಿ ನಿಂತಿದ್ದೆನೆಂಬುದನ್ನು ಬೋರ್ಡಿಗೆ ತಿಳಿಸುವ ದಾರಿಯಿಲ್ಲ. ಹಾಗಾಗಿ ಸ್ವಿಚ್ ಹಾಕಿದ ಕೂಡಲೇ ಮೊದಲ ನಿಲುವಿಗೆ ಪೂರ್ತಿ ವೇಗದಲ್ಲಿ ಎಗರುತ್ತದೆ. ‘ಎಚ್ಚರಿಕೆ: ತೋಳು ದಿಢೀರನೆ ಎಗರುತ್ತದೆ. ಹಳದಿ ಗೆರೆ ದಾಟಬೇಡಿ.’ ಗೆರೆಯನ್ನು ಬುಡದಿಂದ 45 ಸೆಂ.ಮೀ.ಗೆ ಎಳೆಯಿರಿ, ತೋಳು ಚಾಚುವುದು 30, ಹಿಡಿದ ತುಂಡು ಜಾರಿದರೆ ಅದಕ್ಕೂ ಜಾಗ ಬೇಕು.

ಮರು:

ಗೆರೆ ಸರಿ. ‘ಎಗರುತ್ತದೆ’ ಒಳ್ಳೆಯ ಪದ.

ಫ್ಲೆಕ್ಸ್ ಅಂಗಡಿಯಲ್ಲಿ ಒಂದು ಎಚ್ಚರ. ನೀವು ಯುನಿಕೋಡಿನಲ್ಲಿ ಕಳಿಸುತ್ತೀರಿ, ಅವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ತಿರುಗಿಸಿ ಅಂಟಿಸುತ್ತಾರೆ. ಆಗ ಅರ್ಧಾಕ್ಷರ ಬಿಡಿಸಿ ತೋರಿಸುವ ಕಾಣದ ಗುರುತು ಬಿದ್ದುಹೋಗಿ ‘ಟಾರ್ಕ್‌ನ’ ಎಂಬುದು ‘ಟಾರ್ಕ್ನ’ ಆಗಿ ಒತ್ತಕ್ಷರ ಕೆಳಗೆ ಇಳಿಯುತ್ತದೆ. ಸಾಧ್ಯವಾದರೆ ಅಂಥ ರೂಪ ಬಾರದಂತೆ ವಾಕ್ಯ ಬದಲಿಸಿ, ಇಲ್ಲವೇ ಪುಟವನ್ನು ಪಿಡಿಎಫ್ ಮಾಡಿ ಕೊಡಿ. ಅಚ್ಚಿಗೆ ಮೊದಲು ‘ಸರ್ವೋ’ದ ಅರ್ಕಾವೊತ್ತನ್ನೂ ನೋಡಿಕೊಳ್ಳಿ.

ಮರು:

ಪಿಡಿಎಫ್ ಕೊಟ್ಟಾಯಿತು. ‘ಹಲ್ಲಿನ ಸಡಿಲ’ಕ್ಕೆ ಜಾಗ ಸಾಲಲಿಲ್ಲ.

ಮರು:

‘ರೋಬೋ ತೋಳು’ ಕೂಡ ಅರಿಸಮಾಸವೇ.